ಸೊಸೆಯ ಹನ್ನೆರಡು ಸಾಬೂನು

ನಗಬೇಡಿ, ನನ್ನ ಸೊಸೆಯ ಹಸಿ ಸಾಬೂನು ಕೈಜಾರಿ ಬೀದಿಯ ತುದಿವರೆಗೆ ಓಡಿದ್ದನ್ನು ಕಣ್ಣಾರೆ ಕಂಡವನು ನಾನು. ದರ್ಜಿ ಕೆಲಸ ಮುಗಿಸಿ ಬಂದು, ಪ್ಲಾಸ್ಟಿಕ್ ಕಸ ಮಾಡಬಾರದೆಂಬ ಹಟದಿಂದ ಮನೆಯಲ್ಲೇ ಸಾಬೂನು ಮಾಡುತ್ತಾಳೆ. ಅದು ನೀರು ಸೋಕದೆ ಆರು ವಾರ ಒಣಗಬೇಕು. ಹಿಂದಿನ ಮೂರು ಸಲವೂ ಮನೆಯವರು ಅವಸರಪಟ್ಟು ಕೆಡಿಸಿದರು. ಈ ಸಲ ಜೊತೆಯಲ್ಲಿ ಹೊಲಿಯುವ ಹೆಂಗಸರಿಗೆ ಕೊಡುವುದಾಗಿ ಹೇಳಿ, ಹನ್ನೆರಡು ಬಿಲ್ಲೆಗಳನ್ನು ಬೀರುವಿನ ಮೇಲಿಟ್ಟು ತಾರೀಖಿನ ಚೀಟಿ ಅಂಟಿಸಿದ್ದಳು. ನೊರೆ ಬರದಿದ್ದರೆ ಅವಳ ಮಾನ ಹೋಗುತ್ತದಲ್ಲ ಎಂದು ಐದನೇ ವಾರ ನಾನೇ ಎಲ್ಲವನ್ನೂ ನೀರಲ್ಲಿ ಉಜ್ಜಿ ನೋಡಿದೆ.

"ಒಂದು ಸಾಲ್ತಿರ್ಲಿಲ್ವಾ ಮಾವ?"

"ಒಂದನ್ನ ನೋಡಿ ಉಳಿದಿದ್ದನ್ನ ಹೇಗಮ್ಮ ನಂಬೋದು?"

ಅವಳು ಹಲ್ಲು ಕಚ್ಚಿ ಹಳೇ ಚೀಟಿ ಕಿತ್ತು, ಇವತ್ತಿನ ತಾರೀಖು ಅಂಟಿಸಿದಳು. ಮತ್ತೆ ಆರು ವಾರ.

ಇಗೋ, ಕೂಗುತ್ತಿದ್ದಾಳೆ.

"ಊಟಕ್ಕೆ ಬನ್ನಿ ಮಾವ. ಕೈ ಅಂಗಡಿ ಸಾಬೂನಲ್ಲೇ ತೊಳ್ಕೊಳ್ಳಿ."