ಡಾಕ್ಟರ್ ಆಂಟಿ ಕೇಳಿದ ಕೆಂಪು

ಡಾಕ್ಟರ್ ಆಂಟಿ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ತಲೆಯನ್ನು ತುಸು ವಾಲಿಸಿ, ಮೈನಾ ಹಕ್ಕಿ ಕಾಳನ್ನು ನೋಡುವ ಹಾಗೆ ಕಣ್ಣಿನ ಅಂಚಿನಿಂದ ನೋಡುತ್ತಿದ್ದರು. ಗೊತ್ತಿಲ್ಲದವರು ಬಿಂಕ ಎಂದುಕೊಳ್ಳುತ್ತಿದ್ದರು. ಅವರ ಎರಡೂ ಕಣ್ಣುಗಳ ನೋಟದ ನಟ್ಟನಡುವೆ ಮಸುಕು ಕೂತಿತ್ತು. ಎದುರಿಗಿದ್ದ ಮುಖ ಅಳಿಸಿಹೋಗಿ, ಅಕ್ಕಪಕ್ಕದ್ದು ಮಾತ್ರ ಕಾಣುತ್ತಿತ್ತು.

ಧಾರವಾಡದವರು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಸರ್ಜನ್ ಆಗಿದ್ದವರು. ಮಸುಕು ಶುರುವಾದದ್ದು ಬೇರೆ ಯಾರಿಗೂ ತಿಳಿದಿರಲಿಲ್ಲ. ಅವರೇ ಮೇಲಿನವರ ಹತ್ತಿರ ಹೋಗಿ, ಇನ್ನು ಆಪರೇಷನ್ ಮಾಡುವುದಿಲ್ಲ ಎಂದು ಹೇಳಿ ಬಂದರಂತೆ.

"ಇನ್ನೂ ಸ್ವಲ್ಪ ದಿನ ಮಾಡಬಹುದಿತ್ತಲ್ವಾ ಆಂಟಿ?" ಎಂದು ನಾನೊಮ್ಮೆ ಕೇಳಿದ್ದೆ.

"ಮಾಡಬಹುದಿತ್ತು. ಆದ್ರ ಟೇಬಲ್ ಮ್ಯಾಲೆ ಮಲಗಿದವರ ಕಣ್ಣು ನಂದಲ್ಲಲ್ಲ."

ಕಂಪ್ಯೂಟರ್ ಕಲಿತವರು ವಿಮಾನ ತುಂಬಿ ಬರುತ್ತಿದ್ದ ಆ ವರ್ಷಗಳಲ್ಲಿ ನ್ಯೂಯಾರ್ಕಿನ ಅಂಚಿನ ಬೆಲ್‌ರೋಸ್‌ನ ಅವರ ಮನೆಯ ಮಹಡಿಯಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ಗಂಡ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಆಂಟಿ ಕೆಳಗಿನಿಂದ ಕೂಗಿ ಕರೆದು, ತಮ್ಮ ಭಾರದ ಫಿಲ್ಮ್ ಕ್ಯಾಮೆರಾ ನನ್ನ ಕೈಗಿಟ್ಟರು. ಒಂದು ಇಡೀ ಚಳಿಗಾಲ ಹಿತ್ತಲಿನ ಹಿಮದ ಮೇಲೆ ಬೀಳುವ ನೆರಳಿನ ಚಿತ್ರವನ್ನೇ ತೆಗೆಸಿದರು. ಅವಸರಪಟ್ಟರೆ ಒಂದೇ ಮಾತು: "ಬೆಳಕು ನಮ್ಮ ಮನಿ ಆಳಲ್ಲ ತಂಗಿ, ಕರದಾಗ ಬರ್ಲಿಕ್ಕೆ."

ಯೂಟಾದ ಮರುಭೂಮಿಯ ಕಣಿವೆಯೊಂದನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಕಣ್ಣು ಪೂರ್ತಿ ಹೋಗುವುದರೊಳಗೆ ಹೋಗಿಬರಬೇಕೆಂದು ಹಟ ಹಿಡಿದರು. ಜೊತೆಗೆ ನಾನೇ ಬರಬೇಕು, ಕಾರನ್ನೂ ನಾನೇ ಓಡಿಸಬೇಕು. ನನಗೆ ಲೈಸೆನ್ಸ್ ಬಂದು ಹೆಚ್ಚು ದಿನವಾಗಿರಲಿಲ್ಲ. ನನ್ನ ಗಂಡ ಅನುಮಾನಿಸಿದಾಗ ಆಂಟಿ, "ಮರುಭೂಮ್ಯಾಗ ಗುದ್ದಲಿಕ್ಕೆ ಏನದ?" ಎಂದು ಬಾಯಿ ಮುಚ್ಚಿಸಿದರು.

ಕಣಿವೆಯ ಅಂಚಿಗೆ ತಲುಪಿದ ದಿನ ಸಂಜೆ ಮೋಡ ಕವಿಯಿತು. ಕ್ಯಾಮೆರಾ ಹೂಡಿದ್ದ ಉಳಿದವರೆಲ್ಲ ಗಂಟುಕಟ್ಟಿ ಹೊರಟರು. ಆಂಟಿ ಶಾಲು ಹೊದ್ದು ಕೂತೇ ಇದ್ದರು. ಸೂರ್ಯ ಮುಳುಗುವ ಹೊತ್ತಿಗೆ ಮೋಡದಡಿಯಿಂದ ಬೆಳಕು ನುಗ್ಗಿ, ಕಣಿವೆಗೆ ಕಣಿವೆಯೇ ಹೊತ್ತಿಕೊಂಡಂತಾಯಿತು. ಆಂಟಿ ಎದ್ದು ಕ್ಯಾಮೆರಾಕ್ಕೆ ಕಣ್ಣಿಟ್ಟರು. ತಲೆ ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಕೊನೆಗೆ ಹಿಂದೆ ಸರಿದು, "ಫೋಕಸ್ ಸಿಗವಲ್ದು. ನೀ ನೋಡು," ಎಂದರು. ದನಿಯಲ್ಲಿ ಏನೂ ಇರಲಿಲ್ಲ. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ.

"ಬಂಡೆಗಳೆಲ್ಲ ಕೆಂಪಗಾಗಿವೆ ಆಂಟಿ."

"ಕೆಂಪು ಅಂದ್ರ ಯಾವ ಕೆಂಪು? ಸರಿಯಾಗಿ ಹೇಳು."

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಮತ್ತೊಮ್ಮೆ ನೋಡಿದೆ. "ಮೇಲಿನ ಸಾಲು ಬಿಸಿಲಿಗೆ ಹರವಿದ ಬ್ಯಾಡಗಿ ಮೆಣಸಿನಕಾಯಿ ಥರ. ಅದರ ಕೆಳಗಿನದು ಹೊಸ ಮಡಕೆ. ತಳದಲ್ಲಿ ಕೆಂಪೇ ಇಲ್ಲ ಆಂಟಿ, ನೇರಳೆಹಣ್ಣು ತಿಂದ ನಾಲಿಗೆ ಬಣ್ಣ ಇದೆ."

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಹಂಗಾದ್ರ ತಳದ ನೆರಳು ಜಾಸ್ತಿ ಇರಲಿ. ಆಕಾಶ ಬ್ಯಾಡ. ಈಗ ತಗಿ."

ಬೆಳಕು ಆರುವ ತನಕ ನಾನು ಹೇಳುತ್ತ, ತೆಗೆಯುತ್ತ ಹೋದೆ. ಆಮೇಲೆ ಅವರು ಬಂಡೆಯ ಮೇಲೆ ಕೂತು, "ಕಂಡಿತು ನೋಡು," ಎಂದು ನನ್ನ ಬೆನ್ನು ತಟ್ಟಿದರು.

ಆ ಚಿತ್ರಗಳಲ್ಲೊಂದನ್ನು ನ್ಯೂಜೆರ್ಸಿಯಲ್ಲಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ತೂಗುಹಾಕಿದ್ದೆವು. ಹಿರಿಯರೊಬ್ಬರು ಬಂದು, "ಎಕ್ಸಲೆಂಟ್ ಶಾಟ್, ಡಾಕ್ಟರ್," ಎಂದರು.

"ನಂದಲ್ಲ, ಈಕಿ ತಗದದ್ದು."

"ಓ, ನೈಸ್. ಇವರು ಯಾರ ವೈಫ್?"

ಆ ದೇಶದಲ್ಲಿ ಎಲ್ಲರೂ ನನ್ನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಯೇ ಅದು. ನಾನು ಗಂಡನ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಂಟಿ ನನ್ನ ತೋಳು ಹಿಡಿದು, "ಈಕಿ ಫೋಟೋಗ್ರಾಫರ್," ಎಂದರು.

ಆಂಟಿ ತೀರಿಕೊಂಡು ವರ್ಷಗಳಾದವು. ಗ್ರೀನ್ ಕಾರ್ಡ್ ಬಂದು ಕೆಲಸ ಮಾಡುವಂತಾದ ಮೇಲೆ, ಫೋಟೋಗ್ರಾಫರ್ ಎಂಬ ಅವರ ಆ ಮಾತನ್ನೇ ಉದ್ಯೋಗ ಮಾಡಿಕೊಂಡೆ. ಇಂದಿಗೂ ಅದರಿಂದಲೇ ಬದುಕುತ್ತಿದ್ದೇನೆ. ಅದನ್ನು ಅವರು ಹೇಳಿದ ದಿನ ಅದಿನ್ನೂ ನಿಜವಾಗಿರಲಿಲ್ಲ.