ಸಾಕಷ್ಟು ಬಿಸಿಯಿಲ್ಲದ ಮನೆ

ನಮ್ಮ ಅತ್ತೆಗೆ ಸೆಕೆ ಎಂದರೆ ಲೆಕ್ಕಕ್ಕೇ ಇರಲಿಲ್ಲ. ಮದುವೆಯಾಗಿ ನ್ಯಾಮತಿಯಿಂದ ಜಗಳೂರಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಗೋಡೆಗೊರಗಿ ಕೂತರೆ ಅವರು ನಗುತ್ತಿದ್ದರು.

"ಇದಕ್ಕೇ ಸೆಕೆ ಅಂತೀಯಲ್ಲವ್ವ. ಮಂಡಕ್ಕಿ ಭಟ್ಟಿ ಮುಂದೆ ಒಂದಿನ ನಿಂತು ನೋಡು, ಆವಾಗ ಗೊತ್ತಾಗ್ತೈತೆ."

ಅವರು ದಾವಣಗೆರೆಯ ಭಟ್ಟಿಯೊಂದರಲ್ಲಿ ಪ್ರಾಯವನ್ನೆಲ್ಲ ಕಳೆದವರು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಹುರಿದು ಅವರ ಮುಂಗೈ ಚರ್ಮ ಅಲ್ಲಲ್ಲಿ ಕಪ್ಪಾಗಿ ದಡ್ಡುಗಟ್ಟಿತ್ತು. ಗಂಡ ಬೇಗ ತೀರಿಕೊಂಡ ಮೇಲೆ ಆ ದುಡಿಮೆಯಲ್ಲೇ ಮಗಳನ್ನು ಚನ್ನಗಿರಿಗೆ ಮದುವೆ ಮಾಡಿಕೊಟ್ಟರು, ಮಗನಿಗೆ ಮೋಟಾರ್ ರಿವೈಂಡಿಂಗ್ ಕೆಲಸ ಕಲಿಸಿದರು, ಜಗಳೂರಿನಲ್ಲಿ ತಮ್ಮ ಹೆಸರಿಗೆ ಈ ಮನೆ ಕಟ್ಟಿಸಿದರು. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ತಗಡು. ತಾರಸಿ ಹಾಕಿಸುವ ಆಸೆ ಆಸೆಯಾಗಿಯೇ ಉಳಿಯಿತು.

ವಯಸ್ಸಾದಂತೆ ಆ ಮೈಯೂ ಸೋತಿತು. ಬಿಪಿ ಬಂತು, ಮಧ್ಯಾಹ್ನ ತಲೆ ಸುತ್ತತೊಡಗಿತು. ಸೆಕೆ ತಡೆಯಲಾಗುತ್ತಿಲ್ಲ ಎಂದು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಯಜಮಾನರೇ ಅರ್ಥಮಾಡಿಕೊಂಡು, ಪ್ರತಿ ವರ್ಷ ಶಿವರಾತ್ರಿ ಕಳೆಯುತ್ತಲೇ ತಗಡಿನ ಮೇಲೆ ತೆಂಗಿನ ಗರಿ ಹರಡಿ, ಅದರ ಮೇಲೆ ಮೆಕ್ಕೆಜೋಳದ ದಂಟು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯುತ್ತಿದ್ದರು. ನೀರಿದ್ದ ದಿನ ಮೇಲಕ್ಕೆ ನಾಲ್ಕು ಕೊಡ ಚೆಲ್ಲುತ್ತಿದ್ದೆವು. ಮನೆ ತಂಪಾಗುತ್ತಿತ್ತು ಎನ್ನಲಾರೆ. ಒಳಗೆ ಕೂತು ಉಣ್ಣುವಂತಾಗುತ್ತಿತ್ತು, ನಾನು ಹೊಲಿಗೆ ಮಿಷನ್ ತುಳಿಯುವಂತಾಗುತ್ತಿತ್ತು.

ಅಂಥದ್ದೊಂದು ಬೇಸಿಗೆಯ ಶುರುವಿನಲ್ಲಿ ನಾವು ಚನ್ನಗಿರಿಗೆ, ಅತ್ತೆಯ ಮಗಳು ನಮ್ಮ ಅತ್ತಿಗೆಯ ಮನೆಗೆ ಹೋದೆವು. ಅದೂ ತಗಡಿನ ಮನೆಯೇ. ಆದರೆ ಒಳಗೆ ಕಾಲಿಟ್ಟಾಗ ಬೇರೆ ಯಾರದೋ ಮನೆಗೆ ಬಂದಂತಾಯಿತು. ತಗಡಿನ ಕೆಳಗೆ ಬೆಳ್ಳಿ ಬಣ್ಣದ ದಪ್ಪ ಹೊದಿಕೆ ಬಿಗಿದು, ಅದರ ಕೆಳಗೆ ಬಿಳಿ ಸೀಲಿಂಗ್ ಹೊಡೆಸಿದ್ದರು. ಬಡವರ ಮನೆಗಳಿಗೆ ಬಿಸಿ ಇಳಿಯದಂತೆ ಮಾಡಿಸಿಕೊಳ್ಳಲು ಒಂದು ಸಂಸ್ಥೆಯವರು ಸಹಾಯಧನ ಕೊಡುತ್ತಿದ್ದಾರೆಂದೂ, ಖರ್ಚಿನ ಹೆಚ್ಚಿನ ಪಾಲು ಅವರದೇ ಎಂದೂ ಅತ್ತಿಗೆ ಹೇಳಿದರು. ಅತ್ತೆ ಕೇಳಿಸಿಕೊಂಡು, ಉಂಡವರೇ ಬರೀ ನೆಲದ ಮೇಲೆ ಸೆರಗು ಹಾಸಿ ಮಲಗಿಬಿಟ್ಟರು. ಬೇಸಿಗೆಯ ಮಧ್ಯಾಹ್ನ ಅವರು ಹಾಗೆ ಗೊರಕೆ ಹೊಡೆದು ನಿದ್ದೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಚಹಾ ಹೊತ್ತಿಗೆ ಎದ್ದು, ಕಣ್ಣುಜ್ಜಿಕೊಳ್ಳುತ್ತ ಮಗಳಿಗೆ ಹೇಳಿದರು:

"ನಮ್ಮನೆಗೂ ಇದನ್ನ ಹಾಕ್ಸಾಕೆ ಯಾರನ್ನ ಕೇಳ್ಬೇಕು, ಫೋನ್ ಹಚ್ಚು."

ಆ ಸಂಸ್ಥೆ ಜಗಳೂರಿನಲ್ಲೂ ಮನೆಗಳನ್ನು ನೋಡುತ್ತಿತ್ತು. ಹೆಸರು ಬರೆಸಿದ ಮೇಲೆ ಅವರ ಕಡೆಯಿಂದ ಒಬ್ಬರು ಬೈಕಿನಲ್ಲಿ ಬಂದರು. ತಲೆ ನರೆತ, ಮೆದುಮಾತಿನ ಮನುಷ್ಯ. ಪಿಸ್ತೂಲಿನಂಥ ಉಪಕರಣವೊಂದನ್ನು ಒಳಗಿನಿಂದ ತಗಡಿನ ಕಡೆ ಹಿಡಿದರು. ಅಡುಗೆ ಮನೆಯಲ್ಲಿ ಹಿಡಿದರು, ನನ್ನ ಮಿಷನ್ ಇದ್ದ ಮೂಲೆಯಲ್ಲೂ ಹಿಡಿದರು. ಆಮೇಲೆ ತಲೆಯಾಡಿಸಿದರು.

"ಬರೋದಿಲ್ಲಮ್ಮ. ನಮಗೆ ಇಷ್ಟು ಕಾದಿರ್ಬೇಕು ಅಂತ ಒಂದು ಗೆರೆ ಹಾಕ್ಯಾರೆ. ನಿಮ್ಮನೆ ಅಷ್ಟು ಕಾಯ್ತಿಲ್ಲ."

"ಕಾಯ್ತಿಲ್ಲ ಅಂದ್ರೆ?" ಅತ್ತೆ ಕೂತಲ್ಲಿಂದ ಎದ್ದರು. "ಮೇಲೆ ಗರಿ ಹೊದಿಸೀವಿ, ಅದಕ್ಕೆ ಕಾಯ್ತಿಲ್ಲ. ಇಲ್ದಿದ್ರೆ ನೀವು ಇಲ್ಲಿ ನಿಂತು ಮಾತಾಡಾಕೆ ಆಗ್ತಿತ್ತೇನ್ರಿ?"

"ನನಗೂ ಗೊತ್ತೈತಜ್ಜಿ. ಆದ್ರೆ ಬರೀ ತಗಡು ಎಷ್ಟು ಕಾಯ್ತೈತೆ ಅಂತ ತೋರಿಸ್ಬೇಕು, ಅದ್ರ ಫೋಟೋನೂ ಬೇಕು. ಮೇಲಿಂದು ತೆಗ್ಸಿ ಇಟ್ಟಿರ್ರಿ. ನಾಳೆ ನಾಡಿದ್ದು ಇನ್ನೊಂದ್ಸಲ ಬಂದು ಅಳ್ಕೊಂಡು ಹೋಗ್ತೀನಿ."

ಯಜಮಾನರಿಗೆ ಮನಸ್ಸಿರಲಿಲ್ಲ. ಬಿಸಿಲು ಏರುತ್ತಿತ್ತು. ಈ ವರ್ಷ ಬೇಡ, ಮುಂದಿನ ಸಲ ಗರಿ ಹೊದಿಸುವ ಮೊದಲೇ ಕರೆಸೋಣ ಎಂದರು. ಅತ್ತೆ ಕೇಳಲಿಲ್ಲ. "ಮುಂದಿನ ಸಲ ಆ ದುಡ್ಡು ಇರ್ತೈತಂತ ಯಾರು ಹೇಳಿದ್ರು? ತೆಗಿಯಪ್ಪ. ಎರಡು ದಿನ ತಡ್ಕೊಳ್ಳಾಕೆ ಆಗ್ದೋಳಾ ನಾನು?" ಮಗ ಮೇಲೇರಿ ಹಗ್ಗ ಬಿಚ್ಚಿದಾಗ ಕೆಳಗೆ ನಿಂತು, ಬೀಳುವ ಗರಿಗಳನ್ನು ಅವರೇ ಗೋಡೆಗೆ ಒರಗಿಸಿಟ್ಟರು.

ಆ ಮನುಷ್ಯ ಹೇಳಿದ ದಿನ ಬರಲಿಲ್ಲ. ಫೋನ್ ಮಾಡಿದರೆ ಹೊನ್ನಾಳಿ ಕಡೆಯ ಮನೆಗಳನ್ನು ಅಳೆಯಲು ನನ್ನನ್ನು ಹಾಕಿದ್ದಾರೆ, ಮುಗಿಸಿಕೊಂಡು ಬರುತ್ತೇನೆ ಎಂದರು. ಪಾಪ, ಪ್ರತಿ ಸಲವೂ ಫೋನ್ ಎತ್ತುತ್ತಿದ್ದರು; ಪ್ರತಿ ಸಲವೂ ನಾಳೆ ಎನ್ನುತ್ತಿದ್ದರು. ಮನೆಯೊಳಗೆ ಸ್ಟೀಲಿನ ಲೋಟ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಫ್ಯಾನು ಕಾದ ಗಾಳಿಯನ್ನೇ ಸುತ್ತಿಸಿ ಮುಖಕ್ಕೆ ಬಡಿಯುತ್ತಿತ್ತು. ನಾನು ಮಿಷನ್ ಎತ್ತಿಸಿಕೊಂಡು ಪಕ್ಕದ ಮನೆಯ ಜಗಲಿಗೆ ಹೋದೆ. ಆ ಮನೆಯಾಕೆ ನನ್ನ ಓರಗೆಯವಳು, ಅವರದೂ ಗರಿ ಹೊದಿಸಿದ ತಗಡು. ಅತ್ತೆಯೂ ಹಗಲೆಲ್ಲ ಅಲ್ಲೇ ನಮ್ಮ ಜೊತೆ ಕೂರುತ್ತಿದ್ದರು.

"ಅತ್ತೆ, ಗರಿ ಮತ್ತೆ ಹಾಕ್ಸಾಣ. ಇಲ್ಲಾಂದ್ರೆ ನಮ್ಮವ್ವನ ಮನೆಗೆ ಹೋಗಿ ಇರ್ರಿ, ನ್ಯಾಮತೀಲಿ ಇಷ್ಟು ಬಿಸಿಲಿಲ್ಲ" ಎಂದೆ.

"ನಾನು ಅತ್ಲಾಗೆ ಹೋದಾಗ ಅವ್ರು ಇತ್ಲಾಗೆ ಬಂದ್ರೆ? ಮನೆ ನನ್ನ ಹೆಸರಿಗೈತೆ, ನಾನೇ ಇರ್ಬೇಕು."

ಕೊನೆಗೆ ಒಂದು ದಿನ ಆ ಮನುಷ್ಯ ತಾವಾಗಿಯೇ ಫೋನ್ ಮಾಡಿ, ಮಧ್ಯಾಹ್ನ ಖಂಡಿತ ಬರುತ್ತೇನೆ ಎಂದರು. ಅತ್ತೆ ಉಂಡು ಮನೆಗೆ ಹೋದರು. ಫೋಟೋ ತೆಗೆಯುತ್ತಾರೆಂದು ಸೀರೆ ಬದಲಿಸಿ ತಲೆ ಬಾಚಿಕೊಂಡರು. ಜಗಲಿಯಲ್ಲೇ ಕಾಯೋಣ ಎಂದರೆ, ಮನೆ ಇಷ್ಟು ಅಸ್ತವ್ಯಸ್ತ ಇದ್ದರೆ ಹೇಗೆ ಎಂದು ಪಾತ್ರೆ ಜೋಡಿಸತೊಡಗಿದರು. ನಾನು ಮಜ್ಜಿಗೆ ಮಾಡಿ ಕೊಟ್ಟೆ. ಅರ್ಧ ಕುಡಿದು ಸಾಕು ಎಂದರು. ಜಗಲಿಗೆ ಹೋಗಿ, ಮುಂಗಡ ತೆಗೆದುಕೊಂಡಿದ್ದ ರವಿಕೆಯ ಗುಂಡಿ ಹಚ್ಚಿ ಮುಗಿಸಿ ನಾನು ಮತ್ತೆ ಒಳಗೆ ಬಂದಾಗ ಅತ್ತೆ ಗೋಡೆಗೊರಗಿ ಕೂತಿದ್ದರು. ಮುಖ ಕೆಂಪಗೆ ಕಂದಿತ್ತು. ಮುಟ್ಟಿದೆ. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ.

"ಅತ್ತೆ, ಏಳ್ರಿ, ಹೊರಗೆ ಹೋಗಾಣ."

ಅವರು ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ. "ಉರಿ ಕಮ್ಮಿ ಮಾಡ್ರೇ" ಎಂದರು. "ಅಕ್ಕಿ ಹತ್ತತೈತೆ, ಉರಿ ಕಮ್ಮಿ ಮಾಡ್ರೇ."

ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯಾಕೆ ಓಡಿ ಬಂದಳು. ಇಬ್ಬರೂ ಸೇರಿ ಜಗಲಿಗೆ ಎತ್ತಿಕೊಂಡು ಹೋಗಿ, ಮೈಮೇಲೆ ನೀರು ಸುರಿದು, ಒದ್ದೆ ಸೀರೆ ಹೊದಿಸಿದೆವು. ಯಜಮಾನರು ಆಟೋ ತಂದರು. ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಆ ತಲೆ ಭಾರವಾಯಿತು. ಒಳಗೆ ಡಾಕ್ಟರು ಎಷ್ಟೋ ಹೊತ್ತು ಪ್ರಯತ್ನಪಟ್ಟರು. ಆಮೇಲೆ ಹೊರಗೆ ಬಂದು, ಬಿಸಿಲಿನ ಹೊಡೆತ, ಈ ವಯಸ್ಸಿನವರು ತಡೆಯುವುದಿಲ್ಲ ಎಂದರು.

ಸಂಸ್ಥೆಯ ಆ ಮನುಷ್ಯ ಬಂದಿದ್ದು ಮರುದಿನ, ಮಣ್ಣು ಮಾಡಿ ಎಲ್ಲರೂ ವಾಪಸಾದ ಮೇಲೆ. ಹೊನ್ನಾಳಿಯಲ್ಲಿ ಬೈಕ್ ಕೆಟ್ಟಿತ್ತಂತೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ ಅಲ್ಲೇ ನಿಂತರು. ವಿಷಯ ಗೊತ್ತಾದಾಗ ಚೀಲವನ್ನು ಎದೆಗವಚಿಕೊಂಡು ಹಿಂದೆ ತಿರುಗಿದರು. ನನ್ನ ಯಜಮಾನರು ಕರೆದರು.

"ಬರ್ರಿ, ಅಳೀರಿ."

"ಬ್ಯಾಡ್ರಿ ಸ್ವಾಮಿ, ಇನ್ನೊಂದಿನ..."

"ಇವತ್ತೇ ಅಳೀರಿ. ನಮ್ಮವ್ವ ಇದಕ್ಕೇ ಕಾದಿದ್ದು."

ಅಷ್ಟು ಜನರ ನಡುವೆ ಅವರು ಒಳಗೆ ಬಂದು ಆ ಉಪಕರಣವನ್ನು ಮೇಲಕ್ಕೆ ಹಿಡಿದರು. ಏನು ಬಂತೆಂದು ಯಾರೂ ಕೇಳಲಿಲ್ಲ. ಅವರೇ ತಗ್ಗಿದ ದನಿಯಲ್ಲಿ, "ಆಗ್ತೈತ್ರಿ" ಎಂದರು.

ಆಗಲು ಇನ್ನೂ ಬಹಳ ದಿನ ಹಿಡಿಯಿತು. ಮನೆ ಮಗನ ಹೆಸರಿಗೆ ವರ್ಗವಾಗುವವರೆಗೆ ಸಹಾಯಧನ ಬಿಡುಗಡೆ ಮಾಡುವಂತಿರಲಿಲ್ಲ. ಹೊದಿಕೆ ಹಾಕುವವರು ಬಂದಾಗ ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಸೀಲಿಂಗ್ ಚೆನ್ನಾಗಿಯೇ ಬಂತು. ಮುಂದಿನ ಬೇಸಿಗೆಯಲ್ಲಿ ಮನೆ ತಂಪಾಗಿತ್ತು. ಆ ವಿಷಯದಲ್ಲಿ ಸುಳ್ಳು ಹೇಳಲಾರೆ. ನಡು ಮಧ್ಯಾಹ್ನವೂ ಮಿಷನ್ ತುಳಿಯುತ್ತಿದ್ದೆ. ಕೆಲವು ದಿನ ಆ ತಂಪಿನಲ್ಲಿ ನಿದ್ದೆ ಬಂದು, ಎಚ್ಚರವಾದಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಯಜಮಾನರು ಮಾತ್ರ ಊಟವಾದ ಕೂಡಲೇ ಎದ್ದು ತಮ್ಮ ಮೋಟಾರ್ ಅಂಗಡಿಗೆ ಹೋಗಿಬಿಡುತ್ತಿದ್ದರು. ಆ ಸೀಲಿಂಗಿನ ಕೆಳಗೆ ಅವರು ಹಗಲು ಮಲಗಿದ್ದನ್ನು ನಾನು ಇವತ್ತಿಗೂ ನೋಡಿಲ್ಲ.

ಅದೇ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆಯೂ ಹೆಸರು ಬರೆಸಿದಳು. ಅಳೆಯಲು ಬಂದವರು ಬೇರೆಯವರು. ನಾನೂ ಹೋಗಿ ಅವಳ ಜೊತೆ ನಿಂತೆ. ಅವರೂ ಉಪಕರಣ ನೋಡಿ, ಮೇಲಿಂದು ತೆಗೆಸಿದರೆ ಆಗಬಹುದು ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಯಮ ನಾವು ಮಾಡಿದ್ದಲ್ಲಮ್ಮ" ಎಂದರು.

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರಿಗೆ, "ಹಂಗಾದ್ರೆ ಬ್ಯಾಡ ಬಿಡ್ರಿ, ನಾ ಗರಿ ತೆಗ್ಸಲ್ಲ" ಎಂದಳು.

ಅವರು ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದರು. ಆ ಮನೆಯವರು ಅಷ್ಟರಲ್ಲಿ ಏಣಿ ಹಾಕಿ, ತಮ್ಮ ತಗಡಿನ ಮೇಲಿನ ದಂಟನ್ನು ಎಳೆದೆಳೆದು ಬೀದಿಗೆ ಎಸೆಯುತ್ತಿದ್ದರು.