ಹೋದವರ ಫ್ರೇಮು, ಹೋಗಿ ಬರುವವರ ಫ್ರೇಮು

ಆಗೆಲ್ಲ ಮನೆಯ ಗೋಡೆ ಏರುವುದು ಅಷ್ಟು ಸುಲಭವಿರಲಿಲ್ಲ. ಒಂದೋ ನೀವು ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು, ಎರಡೂ ಅಲ್ಲವಾದರೆ ಗಲ್ಫಿನಲ್ಲಿರಬೇಕು. ಕಾಪುವಿನ ನಮ್ಮ ಓಣಿಯಲ್ಲಿ ಯಾವ ಮನೆಗೆ ಹೋದರೂ ಫ್ರೇಮು ನೋಡಿಯೇ ಯಾರ ಸ್ಥಿತಿ ಏನೆಂದು ಹೇಳಬಹುದಿತ್ತು. ದೇವರಿಗೆ ಕೆಂಪು ಬಲ್ಬು. ಸತ್ತವರಿಗೆ ಕಪ್ಪು ಪಟ್ಟಿ, ಒಳಗೆ ಅಗಲವಾದ ಬಿಳಿ ಅಂಚು. ಗಲ್ಫಿನವರಿಗೆ ತೆಳ್ಳಗಿನ ಬಂಗಾರದ ಬಣ್ಣ. ನಮ್ಮ ಅಪ್ಪ ಗೋಡೆ ಏರಿದ್ದು ಈ ಲೆಕ್ಕದಲ್ಲಿ ಆದ ಒಂದು ದೊಡ್ಡ ಎಡವಟ್ಟಿನಿಂದ.

ಅಪ್ಪ ಮೊದಲ ಸಲ ದುಬೈಗೆ ಹೊರಟಾಗ ನಾನು ಮೂರನೇ ಕ್ಲಾಸು. ಹೊರಡುವ ಮುಂಚೆ ಅಮ್ಮ ಹಟ ಹಿಡಿದು ಅವರನ್ನು ಬನ್ನಂಜೆಯಲ್ಲಿದ್ದ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಒಂದು ಫೋಟೋ ತೆಗೆಸಿದಳು. ಎರಡು ವರ್ಷ ಕಾಣದಿದ್ದರೆ ಮಗಳು ಅಪ್ಪನ ಮುಖ ಮರೆತಾಳು ಎಂದು ಅವಳಿಗೆ ಹೆದರಿಕೆ. ನಮ್ಮಲ್ಲಿ ಮನೆಯಿಂದ ಹೊರಡುವವರು ಬರೀ 'ಹೋಗ್ತೇನೆ' ಎನ್ನಬಾರದು, 'ಪೋದು ಬರ್ಪೆ', ಅಂದರೆ ಹೋಗಿ ಬರ್ತೇನೆ ಎನ್ನಬೇಕು. ಅಪ್ಪನೂ ಹಾಗೇ ಹೇಳಿ ಬೊಂಬಾಯಿಯ ಬಸ್ಸು ಹತ್ತಿದರು. ವಿಮಾನ ಅಲ್ಲಿಂದ. ಮುಟ್ಟಿದ ಕೂಡಲೇ ಪಕ್ಕದ ಸೆವ್ರಿನ್ ಬಾಯಿಯ ಮನೆಗೆ ಫೋನು ಮಾಡುತ್ತೇನೆ ಎಂದಿದ್ದರು. ಬಾಯಿಯ ಗಂಡ ಆಗಲೇ ಕುವೈತಿನಲ್ಲಿದ್ದುದರಿಂದ ಓಣಿಗೆಲ್ಲ ಅವರದೊಂದೇ ಫೋನು.

ಫೋಟೋಕ್ಕೆ ಫ್ರೇಮು ಹಾಕಿಸಲು ಅಮ್ಮ ಅಜ್ಜಿಯನ್ನೂ ನನ್ನನ್ನೂ ಪೇಟೆಗೆ ಅಟ್ಟಿದಳು. ಅಜ್ಜಿ ಎಂದರೆ ಅಪ್ಪನ ಅಮ್ಮ. "ಮಾಮೀ, ತೆಳ್ಳಗಿನ ಬಂಗಾರದ ಪಟ್ಟಿ. ಒಳಗಿನ ಬಿಳಿ ಒಂದೇ ಬೆರಳು ಅಗಲ. ಮರೀಬೇಡಿ" ಎಂದು ಅಮ್ಮ ಗೇಟಿನವರೆಗೂ ಹೇಳುತ್ತಾ ಬಂದಳು. "ನನಗೆ ಫ್ರೇಮು ಕಲಿಸ್ಲಿಕ್ಕೆ ಬರ್ಬೇಡ" ಎಂದು ಅಜ್ಜಿ ಕೊಡೆ ಬಿಡಿಸಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಫ್ರೇಮಿನ ಅಂಗಡಿ. ಮರದ ಹುಡಿ, ವಾರ್ನಿಶ್, ಬಿಸಿ ಗೋಂದು ಸೇರಿದ ವಾಸನೆ. ಮೊಳೆಗಳಲ್ಲಿ ಪಟ್ಟಿಯ ಮೂಲೆ ತುಂಡುಗಳು ನೇತಾಡುತ್ತಿದ್ದವು. ಅಂಗಡಿಯವನು ಘಟ್ಟದ ಮೇಲಿನವನು, ಧಾರವಾಡದ ಕಡೆಯವನು. ಬಂದು ಕೆಲವೇ ತಿಂಗಳಾಗಿತ್ತು, ತುಳು ಬಾರದು. ಹಾಗಾಗಿ ಅಜ್ಜಿ ತನ್ನ ಕನ್ನಡ ತೆಗೆದಳು. ಅಜ್ಜಿಯ ಕನ್ನಡವೆಂದರೆ ಮದುವೆಗೆ ಉಡುವ ಸೀರೆ, ಅಪರೂಪಕ್ಕೆ ಹೊರಗೆ ಬರುವುದು.

ಅವನು ಫೋಟೋ ನೋಡಿ, "ನಿಮಗೇನಾಗಬೇಕ್ರಿ ಇವರು?" ಎಂದ.

"ಮಗ ಅಲ್ವಾ. ಒಬ್ಬನೇ ಮಗ."

"ಈಗ ಎಲ್ಲಿ..."

"ಎಂತ ಎಲ್ಲಿ? ಹೋದ. ಮಂಗಳವಾರ ಹೋದ."

ಅವನ ಕೈಯಲ್ಲಿದ್ದ ಅಳತೆಕೋಲು ಕೆಳಗಿಳಿಯಿತು. "ಅಯ್ಯ ಶಿವನ! ಸಣ್ಣ ವಯಸ್ಸು."

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿದಳು. "ಎಂತ ಮಾಡುವುದು ಮಾರಾಯ. ಹೋಗುವವರನ್ನು ಹಿಡಿದು ನಿಲ್ಲಿಸ್ಲಿಕ್ಕೆ ಆಗ್ತದಾ? ಇವಳ ತಾಯಿ ಸರಿಯಾಗಿ ಊಟ ಮಾಡದೆ ದಿನ ಎಷ್ಟಾಯಿತು."

ನಾನು ಶಾಲೆಗೆ ಹೊರಡುವಾಗ ತಪ್ಪಿ ಬರೀ 'ಪೋಪೆ', ಹೋಗ್ತೇನೆ, ಎಂದರೆ ತಲೆಗೆ ಕುಟ್ಟುತ್ತಿದ್ದ ಅಜ್ಜಿ ಇವಳೇ. ಆ ನಿಯಮ ತುಳುವಿಗೆ ಮಾತ್ರ, ಕನ್ನಡಕ್ಕಿಲ್ಲ ಎಂದುಕೊಂಡಿದ್ದಳೋ ಏನೋ. ಅಂಗಡಿಯವನು ನನ್ನ ತಲೆ ಸವರಿ ಒಂದು ಪೆಪ್ಪರಮಿಂಟು ಕೊಟ್ಟ. ಅಜ್ಜಿಗೆ ಅವನ ಮೇಲೆ ಅಭಿಮಾನ ಉಕ್ಕಿತು. ಬಂಗಾರದ ಪಟ್ಟಿ ಎನ್ನಲು ಮರೆತರೂ ಅಮ್ಮ ಹೇಳಿದ ಒಂದು ಬೆರಳು ಅಗಲವನ್ನು ಅವಳು ತಿಳಿಸಿದಳು, ನಿಜ. ಆದರೆ ಅವನು, "ಒಂದು ಬೆರಳು ಸಾಲಂಗಿಲ್ಲರಿ. ಇಂಥಾದಕ್ಕ ಮೌಂಟು ಅಗಲ ಬಿಡಬೇಕ, ಕೆಳಗ ಇನ್ನೂ ಜಾಸ್ತಿ. ಶೋಭಾ ಬರ್ತದ" ಎಂದ. ಫೋಟೋದ ಸುತ್ತ ಕೂರಿಸುವ ಬಿಳಿ ರಟ್ಟಿಗೆ ಮೌಂಟು ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. "ಅಗಲ ಇರ್ಲಿ. ನನ್ನ ಮಗ ಎಂತ ಇರುಕಿನಲ್ಲಿ ಕೂತುಕೊಳ್ಬೇಕಾ?" ಎಂದಳು ಅಜ್ಜಿ.

ಅವರು ಮಾತಾಡುತ್ತಿದ್ದಾಗ ನಾನು ನೆಲದಲ್ಲಿ ಬಿದ್ದಿದ್ದ ರಟ್ಟಿನ ಎರಡು ಮೂಲೆ ತುಂಡುಗಳನ್ನು ಕೇಳಿ ತೆಗೆದುಕೊಂಡೆ. ಒಂದರ ಮೇಲೊಂದು ಇಟ್ಟರೆ ಕಿಟಕಿಯಾಗುತ್ತಿತ್ತು. ಎಳೆದರೆ ದೊಡ್ಡದು, ತಳ್ಳಿದರೆ ಸಣ್ಣದು. ಮನೆಗೆ ಬಂದು ಬೆಕ್ಕು, ಬಾವಿಕಟ್ಟೆ, ಸೊಂಟಕ್ಕೆ ಸೆರಗು ಸಿಕ್ಕಿಸಿ ಮೀನು ಕೊಯ್ಯುವ ಅಮ್ಮ, ಎಲ್ಲರನ್ನೂ ಅದರೊಳಗಿಟ್ಟು ನೋಡಿದೆ. ಕಿಟಕಿ ಸಣ್ಣದಾಗಿ ಸುತ್ತ ಬಿಳಿ ಹೆಚ್ಚಾದ ಹಾಗೆ ಅಮ್ಮ ದೂರ ಹೋದಂತೆ ಕಾಣುತ್ತಿದ್ದಳು. ಆ ವಾರವಿಡೀ ನನಗೆ ಅದೇ ಆಟ.

ಅಪ್ಪನ ಫೋನು ಮಾತ್ರ ಬರಲಿಲ್ಲ. ಅಮ್ಮ ದಿನಾ ಸಂಜೆ ಸೆವ್ರಿನ್ ಬಾಯಿಯ ಜಗಲಿಯಲ್ಲಿ ಕೂತು ಬರಿಗೈಯಲ್ಲಿ ವಾಪಸ್ಸಾಗುತ್ತಿದ್ದಳು. ಅಂಥ ಹೊತ್ತಿನಲ್ಲೇ ಫ್ರೇಮು ಬಂತು. ಅಜ್ಜಿ ಪೇಪರಿನಲ್ಲಿ ಸುತ್ತಿದ್ದನ್ನು ಹಾಗೇ ಹೊತ್ತು ತಂದು, "ಬಿಡಿಸು, ನೋಡು ನಿನ್ನ ಗಂಡನನ್ನು" ಎಂದು ಅಮ್ಮನ ಮಡಿಲಲ್ಲಿಟ್ಟಳು.

ಕಪ್ಪು ಪಟ್ಟಿ. ಒಂದು ಹಸ್ತ ಅಗಲದ ಬಿಳಿ. ನಡುವೆ ಎಲ್ಲೋ ದೂರದಲ್ಲಿ ಅಪ್ಪ. ಮೇಲೆ ಮಾಲೆ ಹಾಕಲು ಎರಡು ಕೊಕ್ಕೆ. ಕೆಳಗಿನ ಅಗಲ ಜಾಗದಲ್ಲಿ ಅಂದವಾದ ಅಕ್ಷರದಲ್ಲಿ 'ಜನನ', ಅದರ ಪಕ್ಕ 'ಮರಣ', ದಿನ ಬರೆಯಲು ಖಾಲಿ ಜಾಗ.

ಅಮ್ಮ ಅದನ್ನು ಮಡಿಲಿಂದ ತೆಗೆದು ನೆಲಕ್ಕೆ ಕವುಚಿ ಹಾಕಿದಳು. ಅಜ್ಜಿ ಕೂಗಿದಳು. "ಅವನ ಕೈಗೆ ಕುಷ್ಠ ಬರ್ಲಿ! ಬದುಕಿದವನಿಗೆ ಎಂತ ಮಾಡಿಟ್ಟ ನೋಡು!" ನನಗೆ ಓದಲು ಬರುತ್ತಿತ್ತು. ಆ ಎರಡನೆಯ ಶಬ್ದ ಓದಿದೆ. ಅಪ್ಪ ಸತ್ತದ್ದು ಫ್ರೇಮಿನ ಅಂಗಡಿಯವನಿಗೆ ನಮಗಿಂತ ಮೊದಲೇ ಗೊತ್ತಾಗಿದೆ ಎಂದೇ ನಾನು ತಿಳಿದೆ. ಆ ಹೆದರಿಕೆ ಇವತ್ತು ಬರೆಯುವಾಗಲೂ ಸ್ವಲ್ಪ ಬರುತ್ತದೆ.

ಮೂವರೂ ಸೆವ್ರಿನ್ ಬಾಯಿಯ ಮನೆಗೆ ಓಡಿದೆವು. ಬಾಯಿ ಯೇಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದರು. ಅಜ್ಜಿ ತನ್ನ ದೈವಗಳನ್ನೆಲ್ಲ ಹೆಸರು ಹಿಡಿದು ಕರೆದಳು. ಮಧ್ಯಾಹ್ನ ದಾಟಿತು, ಬಾಯಿ ಕರಿದ ಗೋಳಿಬಜೆ ತಟ್ಟೆಯಲ್ಲಿ ಆರಿತು, ಯಾರೂ ಮುಟ್ಟಲಿಲ್ಲ. ಚಾ ಹೊತ್ತಿಗೆ ಫೋನು ಬಡಿಯಿತು. ಅಮ್ಮ ಏಳುವ ಮೊದಲೇ ಅಜ್ಜಿ ಹಾರಿ ರಿಸೀವರು ಹಿಡಿದಳು.

"ಮಗಾ, ಇದ್ದೀಯಾ?"

ಆ ಕಡೆಯ ಮಾತು ಕೋಣೆಗೆಲ್ಲ ಕೇಳಿತು. "ಇಲ್ಲದೆ ಫೋನು ಮಾಡುವುದು ಹೇಗೆ ಅಮ್ಮ? ಬೊಂಬಾಯಿಯಲ್ಲಿ ವಿಮಾನ ತಡವಾಯ್ತು. ನಿನ್ನೆ ಮುಟ್ಟಿದೆ."

ಅಬ್ಬ! ಹೋದ ಜೀವ ಬಂತು ಎನ್ನುತ್ತಾರಲ್ಲ, ನಾನು ಅದನ್ನು ಕಣ್ಣಾರೆ ಕಂಡೆ, ಮೂರು ಹೆಂಗಸರಲ್ಲಿ. ಅಮ್ಮ ರಿಸೀವರು ಹಿಡಿದು ಅತ್ತದ್ದೇ ಅತ್ತದ್ದು, ದುಬೈಯ ಕಾಸು ಅಳುವಿಗೇ ಹೋಯಿತು. ನಾನು ತಣ್ಣಗಿನ ಗೋಳಿಬಜೆ ಎರಡೂ ಕೈಯಲ್ಲಿ ತಿಂದೆ.

ಮರುದಿನ ಅಜ್ಜಿ ಫ್ರೇಮು ಕಂಕುಳಲ್ಲಿ ಹಿಡಿದು ಯುದ್ಧಕ್ಕೆ ಹೊರಟಳು. ಅಂಗಡಿಯವನು ಕಂಗಾಲು. "ಅಜ್ಜೀ, ನೀವಽ ಹೋದ ಅಂದ್ರಲ್ರಿ!"

"ಹೋದ ಅಂದ್ರೆ ದುಬೈಗೆ ಹೋದ ಅಂತ ಮಾರಾಯ!"

"ಅದಕ್ಕ ನಾವು ಹೋಗ್ಯಾನ ಅಂತೀವ್ರಿ. ಹೋದ ಅಂತ ಕಣ್ಣೀರು ಒರಸ್ಕೊಂಡು ಅಂದ್ರ, ಹೋದಂಗ."

ಅಜ್ಜಿ ನಗಲು ಶುರು ಮಾಡಿದಳು ನೋಡಿ, ಸ್ಟೂಲು ಹಿಡಿದು ಕೂತರೂ ನಿಲ್ಲಲಿಲ್ಲ. ಅವನೂ ನಕ್ಕ. ಅಲ್ಲೇ ನಿಂತು ಅಪ್ಪನನ್ನು ಹೊರತೆಗೆದು ತೆಳ್ಳಗಿನ ಬಂಗಾರದ ಪಟ್ಟಿ ಹಾಕಿದ. ಸುತ್ತ ಸಮವಾಗಿ ಒಂದು ಬೆರಳು ಬಿಳಿ. ಅಪ್ಪ ಥಟ್ಟನೆ ಹತ್ತಿರ ಬಂದರು. ಕಪ್ಪು ಫ್ರೇಮನ್ನು ಒಡೆದು ಹಾಕಲು ಅವನು ಸುತ್ತಿಗೆ ಎತ್ತಿದಾಗ ಮಾತ್ರ ಅಜ್ಜಿ ನಗು ನಿಲ್ಲಿಸಿದಳು.

"ಒಡೀಬೇಡ. ನನ್ನ ಮಗನ ಹೆಸರಲ್ಲಿ ಮಾಡಿದ್ದು. ಅದು ಖಾಲಿ ಇರ್ಬಾರದು, ಬೇರೆಯವರಿಗೂ ಹೋಗ್ಬಾರದು. ನನಗಿರ್ಲಿ."

"ಎಂಥಾ ಮಾತ್ರೀ ಅಜ್ಜಿ!"

"ಎಂತ ಈಗ? ಬರೆದು ತಯಾರುಂಟು. ದಿನ ಹಾಕಿದ್ರಾಯ್ತು."

ಮನೆಗೆ ತಂದು ಹಳೆ ಸೀರೆಯಲ್ಲಿ ಸುತ್ತಿ ತನ್ನ ಮಂಚದಡಿ ಇಟ್ಟಳು. ಯಾರು ಕೇಳಿದರೂ, "ಅದು ನಂದು, ಮುಟ್ಟಬೇಡಿ" ಎನ್ನುತ್ತಿದ್ದಳು, ಹೊಸ ಒಡವೆ ಕಾಯುವವಳ ಹಾಗೆ. ನಾವು ತಮಾಷೆ ಎಂದುಕೊಂಡೆವು. ಅಪ್ಪ ಹೋಗಿ ಬಂದರು, ಮತ್ತೆ ಹೋದರು, ಮತ್ತೆ ಬಂದರು, ಕೊನೆಗೆ ಪೂರ್ತಿ ಬಂದೇಬಿಟ್ಟರು. ಅದನ್ನು ಕಣ್ತುಂಬ ನೋಡಿದ ಮೇಲೆಯೇ ಅಜ್ಜಿ ಹೋದದ್ದು. ಮಂಚದಡಿಯಿಂದ ಆ ಗಂಟನ್ನು ಅಪ್ಪನೇ ಎಳೆದರು. ಅಜ್ಜಿಯ ಫೋಟೋ ಕೂರಿಸಿ 'ಮರಣ' ಎಂಬಲ್ಲಿ ದಿನ ಬರೆದರು. 'ಜನನ' ಖಾಲಿಯೇ ಉಳಿಯಿತು, ಅಜ್ಜಿ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ.

ಈಗ ಆ ಅಂಗಡಿಯಿಲ್ಲ. ನನ್ನ ಮೊಬೈಲಿನಲ್ಲಿ ಅಪ್ಪನ ಫೋಟೋಗಳು ರಾಶಿ ಬಿದ್ದಿವೆ, ಒಂದನ್ನೂ ಗೋಡೆಗೆ ಹಾಕಿಲ್ಲ. ಎಷ್ಟು ಬೆರಳು ಅಗಲ ಬಿಡಬೇಕೆಂದು ಗೇಟಿನವರೆಗೂ ಹೇಳುತ್ತಾ ಬರುವವರಿಲ್ಲ. ನನ್ನ ಮಕ್ಕಳು ಹೊರಡುವಾಗ 'ಬಾಯ್' ಅನ್ನುತ್ತಾರೆ, ಆ ಶಬ್ದದಲ್ಲಿ ವಾಪಸ್ಸು ಬರುವ ಮಾತೇ ಇಲ್ಲ. ಅಜ್ಜಿ ಇದ್ದಿದ್ದರೆ ಕುಟ್ಟುತ್ತಿದ್ದಳು.

ಅಪ್ಪನಿಗೀಗ ಎಪ್ಪತ್ತು ದಾಟಿದೆ. ಬೆಳಿಗ್ಗೆ ಮೀನಿಗೆಂದು ಚಪ್ಪಲಿ ಮೆಟ್ಟುವ ಮೊದಲು ಆ ಕಪ್ಪು ಫ್ರೇಮಿನ ಮುಂದೆ ನಿಂತು, "ಅಮ್ಮ, ಪೋದು ಬರ್ಪೆ" ಎನ್ನುತ್ತಾರೆ. ತಡವಾದರೆ ನನಗೂ ಎದೆ ಹಾರುತ್ತದೆ. ಆಗ ಒಮ್ಮೆ ಗೋಡೆ ನೋಡುತ್ತೇನೆ. ಆ ಅಗಲ ಬಿಳಿಯ ನಡುವೆ ಅಜ್ಜಿ ಗಟ್ಟಿಯಾಗಿ ಕೂತಿದ್ದಾಳೆ. ಅಪ್ಪನಿಗೆಂದು ಮಾಡಿದ ಜಾಗ ಖಾಲಿಯಿಲ್ಲ.